ಕಾಂಪೌಂಡರು ಕೇಳಿದ ಕಣಿ

ಮಲ್ಲಿಗೆ ಮೊಗ್ಗನ್ನು ಐದೈದಾಗಿ ಎಣಿಸುವ ಗಂಡಸನ್ನು ನಾನು ಕಂಡದ್ದು ಅವರೊಬ್ಬರನ್ನೇ. ನಂಜನಗೂಡಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಯೆತ್ತರದ ಒಂದು ಗೋಡೆ. ಸಂಜೆ ಅವರ ಹೆಂಡತಿ ಬಳ್ಳಿಯಿಂದ ಬಿಡಿಸಿದ ಹೂವನ್ನು ಮೊರಕ್ಕೆ ಹಾಕಿಟ್ಟರೆ, ಆಗತಾನೆ ಬಸ್ಸಿಳಿದು ಬಂದ ಅವರು ಕೈಕಾಲು ತೊಳೆದು ಜಗಲಿಯ ಮೇಲೆ ಕೂರುವರು. ಬಲಗೈಯ ಎರಡು ಬೆರಳಿನಲ್ಲಿ ಐದು ಮೊಗ್ಗು ಎಳೆದು ಪಕ್ಕಕ್ಕೆ ತಳ್ಳುವರು, ಮತ್ತೆ ಐದು, ಮತ್ತೆ ಐದು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಗೋಡೆಯ ಮೇಲಿಂದ ನನ್ನ ಕಡೆ ನೋಡಿ, “ನೋಡವ್ವ, ಹೂವ ಕಟ್ಟಕ್ಕೆ ಕೊಡ್ರೀ ಅಂದ್ರೆ ಕೂತ್ಕಂಡು ಮಾತ್ರೆ ಎಣಿಸ್ತಾವ್ರೆ” ಎನ್ನುವರು. ಅವರು ತಲೆಯೆತ್ತದೆ, “ನೂರಾ ನಲ್ವತ್ತು. ನಿನ್ನೆಗಿಂತ ಕಮ್ಮಿ” ಎನ್ನುವರು.

ಅವರು ಹುಟ್ಟಿದ್ದು ಹೆಮ್ಮಿಗೆಯಲ್ಲಿ. ಕೆಲಸ ತಿ. ನರಸೀಪುರದಿಂದಾಚೆ, ಕಾಲುವೆ ಬಯಲಿನ ಹಳ್ಳಿಯೊಂದರ ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ. ಮನೆ ಮಾತ್ರ ಹೆಂಡತಿಯ ಊರಾದ ನಂಜನಗೂಡಿನಲ್ಲಿ. ದಿನಾ ಬೆಳಿಗ್ಗೆ ನರಸೀಪುರಕ್ಕೊಂದು ಬಸ್ಸು, ಅಲ್ಲಿಂದ ಇನ್ನೊಂದು. ಸರ್ಕಾರದ ಕಾಗದಗಳಲ್ಲಿ ಅವರ ಹುದ್ದೆ ಫಾರ್ಮಸಿಸ್ಟ್ ಎಂದಾಗಿ ಎಷ್ಟೋ ವರ್ಷವಾಗಿತ್ತು, ಆದರೆ ಎರಡೂ ಊರಿನಲ್ಲಿ ಎಲ್ಲರ ಬಾಯಲ್ಲೂ ಅವರು ಕಾಂಪೌಂಡರೇ. ಹೋದ ಕಾರ್ತೀಕದಲ್ಲಿ ಅವರು ತೀರಿಕೊಂಡರೆಂದು ಅಕ್ಕನ ಫೋನು ಬಂತು. ನಾವು ಮೈಸೂರಿಗೆ ಮನೆ ಬದಲಿಸಿ ಬಹಳ ಕಾಲವಾಗಿತ್ತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಚ್ಚಿನಲ್ಲಿ ಹೆಸರು ಬರುವುದು ಕಳೆದುಹೋದವರದು ಮಾತ್ರ ಎಂದು ಅವರು ನಂಬಿದ್ದರು.

ಓದು ಬಾರದವರಿಗೆ ಮಾತ್ರೆಯ ಕವರಿನ ಮೇಲೆ ಅವರು ಚಿತ್ರ ಬರೆದುಕೊಡುತ್ತಿದ್ದರಂತೆ. ಬೆಳಿಗ್ಗೆಗೆ ಗುಡ್ಡದ ಮೇಲಿನ ಅರ್ಧ ಸೂರ್ಯ, ಮಧ್ಯಾಹ್ನಕ್ಕೆ ಪೂರ್ತಿ ಸೂರ್ಯ, ರಾತ್ರಿಗೆ ಚಂದ್ರ. ಒಂದು ದಿನ ಸೋಸಲೆ ಕಡೆಯ ಮುದುಕಿಯೊಬ್ಬಳು ಕವರು ಹಿಡಿದು ವಾಪಸ್ ಬಂದು, “ಸಾ, ನಾಳೀಕೆ ಅಮಾಸೆ. ನಾಳೆ ಮಾತ್ರೆ ನುಂಗಬ್ಯಾಡ್ವಾ?” ಎಂದು ಕೇಳಿದಳಂತೆ. ಅವತ್ತಿನಿಂದ ಅವರು ಚಂದ್ರನನ್ನು ಬಿಟ್ಟು ದೀಪ ಬರೆಯತೊಡಗಿದರು. ಇದನ್ನು ಅವರು ನಗೆಯ ಮಾತಾಗಿ ಹೇಳಲಿಲ್ಲ. “ತಪ್ಪು ನಂದೇ ತಾಯಿ. ಅವಳು ನಾನು ಬರ್ದಿದ್ದನ್ನೇ ಓದಿದ್ಳು” ಎಂದರು. ಎಲ್ಲ ಹೆಣ್ಣುಮಕ್ಕಳನ್ನೂ ಅವರು ತಾಯಿ ಎನ್ನುತ್ತಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ.

ಅವರ ಅಂಗಿಯ ಜೇಬಿನಲ್ಲಿ ಹಳೇ ಕ್ಯಾಲೆಂಡರಿನಿಂದ ಕತ್ತರಿಸಿದ ಚೀಟಿಗಳು ಸದಾ ಇರುತ್ತಿದ್ದವು. ಆಸ್ಪತ್ರೆಗೆ ಔಷಧಿ ಬೇಕೆಂದು ಜಿಲ್ಲಾ ಉಗ್ರಾಣಕ್ಕೆ ಕಳಿಸುವ ಪಟ್ಟಿಗೆ ಇಂಡೆಂಟ್ ಎಂದು ಹೆಸರು. ಪೆಟ್ಟಿಗೆ ಬಂದಾಗ ಅವರು ಚೀಟಿಯಲ್ಲಿ ಒಂದು ಗೆರೆ ಎಳೆದು, ಎಡಕ್ಕೆ ‘ಕೇಳಿದ್ದು’, ಬಲಕ್ಕೆ ‘ಬಂದದ್ದು’ ಎಂದು ಬರೆದು ತಾಳೆ ನೋಡುವರು. ಈ ಅಭ್ಯಾಸ ಮನೆಗೂ ಬಂದಿತ್ತು. ಅಕ್ಕ ಕೊತ್ತಂಬರಿ ಸೊಪ್ಪು ತರಹೇಳಿ ಅವರು ಪುದೀನ ತಂದರೆ ಅದಕ್ಕೂ ಚೀಟಿ. ಅಕ್ಕ ಅದನ್ನು ಒಲೆಗೆ ಹಾಕುವರು.

ಚೀಟಿಗಳಲ್ಲದೆ ಅವರ ಬಳಿ ನೋಟ್‌ಬುಕ್ಕುಗಳಿದ್ದವು, ವರ್ಷಕ್ಕೆ ಒಂದರಂತೆ ಹದಿನಾಲ್ಕು. ತೊಂಬತ್ತೆರಡನೇ ಇಸವಿಯಿಂದ ಶುರು. ತೋಟದಲ್ಲೋ ಗದ್ದೆಯಲ್ಲೋ ಏನಾದರೂ ಕಚ್ಚಿಸಿಕೊಂಡು ಬಂದವರೆಲ್ಲರನ್ನೂ ಅದರಲ್ಲಿ ಬರೆದಿದ್ದರು. ತಾರೀಕು, ಊರು, ಬಂದವರು ಹೇಳಿದ ಮಾತು, ಕೊನೆಗೆ ಕೆಲವು ಗೀಟುಗಳು. ಇದನ್ನು ಬರೆಯಿರಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಯಾಕೆ ಬರೆಯುತ್ತಿದ್ದರೆಂದು ಅಕ್ಕನಿಂದ ತಿಳಿಯಿತು. ಅವರು ಆ ಆಸ್ಪತ್ರೆಗೆ ಹೋದ ಹೊಸತು. ಕಾಲುವೆಗೆ ನೀರು ಬಿಟ್ಟು ನಾಟಿ ನಡೆಯುತ್ತಿದ್ದ ಕಾಲ. ಹಾವು ಕಚ್ಚಿದ ಹೆಂಗಸೊಬ್ಬಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಇವರು ಫ್ರಿಜ್ಜಿನ ಬಾಗಿಲು ತೆಗೆದರೆ ವಿಷಕ್ಕೆ ಕೊಡುವ ಇಂಜೆಕ್ಷನ್ನಿನ ಸೀಸೆ, ಅಂದರೆ ವಯಲ್, ಒಂದೂ ಇಲ್ಲ. ಆ ತಿಂಗಳ ಪಾಲು ಮೊದಲ ವಾರವೇ ಮುಗಿದಿತ್ತು. ‘ಮೈಸೂರಿಗೆ ಕರ್ಕೊಂಡೋಗಿ’ ಎಂದು ಇವರೇ ಹೇಳಿ ಕಳಿಸಿದರು. ಅವಳು ಮೈಸೂರು ಮುಟ್ಟಲಿಲ್ಲ. “ಆಮೇಲೆ ಒಂದು ವಾರ ಮೈಸೂರು ಅನ್ನೋ ಮಾತನ್ನೇ ಆಡ್ನಿಲ್ಲ ಕಣವ್ವ. ಮೈಸೂರು ಪಾಕ್ ತಟ್ಟೇಲಿಟ್ರೆ ಎದ್ದೋದ್ರು” ಎಂದರು ಅಕ್ಕ.

ಉಗ್ರಾಣದವರು ಬೇಸಿಗೆಯಲ್ಲೂ ನಾಟಿಯ ಕಾಲದಲ್ಲೂ ತಿಂಗಳಿಗೆ ಅಷ್ಟಷ್ಟೇ ವಯಲ್ ಕಳಿಸುತ್ತಿದ್ದರು. ಯಾವಾಗ ಎಷ್ಟು ಬೇಕಾದೀತು ಎಂದು ಮುಂಚಿತವಾಗಿ ತೋರಿಸಿಕೊಟ್ಟರೆ ಕೊಡುತ್ತಾರೆ, ಬಾಯಿಮಾತಿನಲ್ಲಿ ಹೇಳಿದರೆ ಕೊಡುವುದಿಲ್ಲ. ಇದಿಷ್ಟೇ ಅವರ ತಲೆಯಲ್ಲಿ ಕೂತಿದ್ದ ವಿಷಯ. ಎರಡು ಸಾವಿರದ ಆರನೇ ಇಸವಿಗೆ ಅವರ ನಿವೃತ್ತಿಗೆ ಇನ್ನೆರಡು ವರ್ಷವಿತ್ತು.

ನಂಜನಗೂಡಿನ ಬಸ್ ನಿಲ್ದಾಣದ ಹತ್ತಿರ ಶೋಭಾ ಎಂಬ ಹೆಣ್ಣುಮಗಳು ಒಂದು ಬ್ರೌಸಿಂಗ್ ಸೆಂಟರ್ ಇಟ್ಟಿದ್ದಳು. ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಮಗಳ ಪರೀಕ್ಷೆಯ ಫಲಿತಾಂಶ ನೋಡಲು ಹೋದ ಇವರು ಅವಳನ್ನು ಕೇಳಿದರಂತೆ, ಹಿಂದೆ ಆದದ್ದನ್ನೆಲ್ಲ ಕೊಟ್ಟರೆ ಮುಂದೆ ಎಷ್ಟಾಗುತ್ತೆ ಅಂತ ಹೇಳೋ ಕಂಪ್ಯೂಟರ್ ಇದೆಯಾ ಎಂದು. ಅವಳು ಹುಡುಕಿ, ಹೊರದೇಶದ ಒಂದು ವಿಶ್ವವಿದ್ಯಾಲಯದವರು ಯಾರಿಗೆ ಬೇಕಾದರೂ ಹಾಗೆ ಲೆಕ್ಕ ಹಾಕಿಕೊಡುತ್ತಾರೆ ಎಂದು ಕಂಡುಹಿಡಿದಳು. ನೋಡುವುದಕ್ಕೆ ಅಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಅಂಕಿ ಕಳಿಸಬೇಕು, ಅಂಕಿ ವಾಪಸ್ ಬರುತ್ತದೆ. “ಇದಕ್ಕೆ ಎಪಿಐ ಅಂತಾರೆ ಅಂಕಲ್” ಎಂದಳು. ಅವರಿಗೆ ಅದು ತಕ್ಷಣ ಅರ್ಥವಾಯಿತು. “ನಮ್ಮ ಔಷಧಿ ಕಿಂಡಿ ಇದ್ದಂಗೆ ಅನ್ನು. ಚೀಟಿ ಒಳಕ್ಕೆ, ಮಾತ್ರೆ ಹೊರಕ್ಕೆ. ಒಳಗೆ ಯಾರು ಕುಂತವ್ರೆ ಅಂತ ಕೇಳಂಗಿಲ್ಲ.”

ನಾನು ಇದರೊಳಗೆ ಬಂದದ್ದು ಹೀಗೆ. ನಮ್ಮ ಮನೆಯಲ್ಲಿ ಇಂಟರ್ನೆಟ್ ಇಲ್ಲದ ಒಂದು ಕಂಪ್ಯೂಟರ್ ಇತ್ತು, ನನಗೆ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷೂ ಟೈಪಿಂಗೂ ಇದ್ದವು, ಮಧ್ಯಾಹ್ನ ಪಾತ್ರೆ ಒಣಗುವ ಹೊತ್ತಿಗೆ ಬೇರೆ ಕೆಲಸವಿರಲಿಲ್ಲ. ಅವರು ನೋಟ್‌ಬುಕ್ಕುಗಳನ್ನು ಗೋಡೆಯ ಮೇಲಿಟ್ಟು, “ಹಾವಿನ ಕೇಸು ಮಾತ್ರ ಎಣಿಸಿ ತಾಯಿ. ದಿನಕ್ಕೊಂದು ಅಂಕಿ. ಯಾರೂ ಬರ್ದೇ ಇದ್ರೆ ಸೊನ್ನೆ” ಎಂದರು. ಅಕ್ಕ ನಕ್ಕು, “ನಿಮ್ಮಣ್ಣ ಕಂಪ್ಯೂಟರ್ ಹತ್ರ ಕಣಿ ಕೇಳಕ್ಕೆ ಹೊರಟವ್ರೆ. ಕೊರವಂಜಿ ಆದ್ರೆ ಒಂದ್ ಮೊರ ಅಕ್ಕಿ ಕೇಳ್ತಿದ್ಳು, ಇದು ನಿನ್ನ ಮಧ್ಯಾಹ್ನದ ನಿದ್ದೆ ಕೇಳ್ತದೆ” ಎಂದರು.

ಅಂಕಿ ಹೊಡೆಯುತ್ತ ಹೋದೆ. ಸೊನ್ನೆ, ಅಲ್ಪವಿರಾಮ, ಸೊನ್ನೆ, ಅಲ್ಪವಿರಾಮ, ಒಂದು. ನೋಟ್‌ಬುಕ್ಕಿನ ಮಾತುಗಳು ಮಾತ್ರ ಕೈಯನ್ನು ತಡೆಯುತ್ತಿದ್ದವು. ‘ಹಾವು, ಹೊಡೆದು ಚೀಲದಲ್ಲಿ ತಂದಿದ್ದಾರೆ.’ ‘ಹುಳ ಮುಟ್ಟಿತು, ಬದುವಿನ ಹತ್ತಿರ.’ ‘ಹುಳ, ಕಾಲಿನ ಕಿರುಬೆರಳು.’ ‘ಹಾವು, ಪೊಲೀಸಿನವರು ಕರೆತಂದರು.’ ಹುಳ ಎಂದಿದ್ದ ಕಡೆಯೆಲ್ಲ ನಾನು ಮುಂದೆ ಹೋದೆ. ಆ ಊರುಗಳ ಜನ ಹುಳಹುಪ್ಪಟೆ ಕಚ್ಚಿದ್ದಕ್ಕೂ ಆಸ್ಪತ್ರೆಗೆ ಓಡುತ್ತಾರಲ್ಲ ಎಂದು ಆಶ್ಚರ್ಯವೂ ಆಯಿತು.

ಅಂಕಿ ಕಳಿಸುವ ಕ್ರಮವನ್ನು ಶೋಭಾ ಹೇಳಿಕೊಟ್ಟಿದ್ದಳು. ಆ ವಿಶ್ವವಿದ್ಯಾಲಯದ ವೆಬ್ ವಿಳಾಸದ ಸಾಲಿನ ತುದಿಗೇ ಅಂಕಿಗಳನ್ನೆಲ್ಲ ಅಂಟಿಸಿ ಒಂದು ಗುಂಡಿ ಒತ್ತಿದರಾಯಿತು. ಪರೀಕ್ಷೆಗೆಂದು ಒಂದು ತಿಂಗಳಿನದು ಕಳಿಸಿದೆವು, ಬಂತು. ಧೈರ್ಯವಾಗಿ ಹದಿನಾಲ್ಕು ವರ್ಷದ್ದೂ ಒಟ್ಟಿಗೆ ಅಂಟಿಸಿದೆವು. ಅದಕ್ಕೂ ಉತ್ತರ ಬಂತು. ನಾನೂ ಶೋಭಾಳೂ ಮುಂದಿನ ದಿನಗಳ ಅಂಕಿ ನೋಡುತ್ತಿದ್ದರೆ, ಅವರು ಮೇಲುಗಡೆಯ ಸಣ್ಣ ಸಾಲಿಗೆ ಬೆರಳಿಟ್ಟರು. ತಲುಪಿದ ಅಂಕಿ ಎಷ್ಟು ಎಂದು ಅಲ್ಲಿ ಬರೆದಿತ್ತು. ಜೇಬಿನಿಂದ ಚೀಟಿ ತೆಗೆದರು.

“ನಾವು ಕೊಟ್ಟಿದ್ದು ಐದು ಸಾವಿರದ ನೂರಾ ಹದಿನಾಲ್ಕು. ಅವ್ರಿಗೆ ಬಂದಿರೋದು ಒಂಬೈನೂರ ಎಪ್ಪತ್ತೆಂಟು. ಮಿಕ್ಕಿದ್ದೆಲ್ಲಿ?”

ಅಲ್ಲೇ ಬೆಂಚಿನ ಮೇಲೆ ಕೂತು ದಿನ ಎಣಿಸಿದರು. ಒಂಬೈನೂರ ಎಪ್ಪತ್ತೆಂಟನೆಯ ದಿನ ತೊಂಬತ್ತನಾಲ್ಕನೇ ಇಸವಿಯ ಸೆಪ್ಟೆಂಬರ್ ಮೊದಲ ವಾರಕ್ಕೆ ಬಂದು ನಿಂತಿತು. ಅಲ್ಲಿಂದಾಚೆ ಏನಾಯಿತೆಂದೇ ತಿಳಿಯದೆ ಅದು ನಾಳೆಯ ಮಾತು ಹೇಳುತ್ತಿತ್ತು. “ಅವ್ರ ನಾಳೆ ಮುಗಿದು ಹನ್ನೆರಡು ವರ್ಷ ಆಯ್ತಲ್ಲ ತಾಯಿ” ಎಂದರು. ವಿಳಾಸದ ಸಾಲಿಗೆ ಒಂದು ಅಳತೆಯಿದೆ, ಅದಕ್ಕಿಂತ ಉದ್ದವಾದದ್ದು ತುಂಡಾಗುತ್ತದೆ ಎಂದು ಶೋಭಾಳಿಗೂ ಅವತ್ತೇ ಗೊತ್ತಾದದ್ದು.

ವಿಶ್ವವಿದ್ಯಾಲಯದವರ ಸಹಾಯದ ಪುಟವನ್ನು ಅಚ್ಚು ತೆಗೆಸಿ ಮನೆಗೆ ತಂದು ಓದಿದೆ. ‘ಉದ್ದನೆಯ ಅಂಕಿಸಾಲುಗಳನ್ನು ವಿಳಾಸದಲ್ಲಿ ಬರೆಯಬೇಡಿ, ಪೋಸ್ಟ್ ಮಾಡಿ’ ಎಂದಿತ್ತು. ಗೋಡೆಯ ಬಳಿ ನಿಂತು ಹಾಗೆಯೇ ಹೇಳಿದೆ. ಮಾರನೆಯ ದಿನ ಅವರು ಒಂದು ದೊಡ್ಡ ಕಂದು ಕವರು, ಗೋಂದು, ಹಾಳೆಗಳ ಕಟ್ಟು ಹಿಡಿದು ಬಂದರು. “ಅಡ್ರೆಸ್ ಇಂಗ್ಲಿಷ್ನಲ್ಲಿ ಬರ್ಕೊಡಿ ತಾಯಿ. ನಾಳೆ ನರಸೀಪುರದಲ್ಲಿ ಬಸ್ಸಿಳಿದು ರಿಜಿಸ್ಟರ್ ಮಾಡ್ಬುಡ್ತೀನಿ.” ನನಗೂ ಅದು ತಪ್ಪೆಂದು ಹೊಳೆಯಲಿಲ್ಲ. ವಿಶ್ವವಿದ್ಯಾಲಯದ ಹೆಸರನ್ನು ಚೆಂದದ ಕಾನ್ವೆಂಟ್ ಅಕ್ಷರದಲ್ಲಿ ಬರೆದುಕೊಟ್ಟೆ.

ಕಳಿಸುವ ಮುಂಚೆ ಇಬ್ಬರೂ ಹೋಗಿ ಆ ಕವರನ್ನು ಶೋಭಾಳಿಗೆ ತೋರಿಸಿದಾಗ ಅವಳು ನಕ್ಕು ನಕ್ಕು ಕೀಬೋರ್ಡಿನ ಮೇಲೆ ಹಣೆಯಿಟ್ಟಳು. “ಅಂಚೆ ಅಲ್ಲ ಆಂಟಿ. ಕಳಿಸೋ ರೀತಿಗೇ ಪೋಸ್ಟ್ ಅಂತ ಹೆಸರು. ಮೇಲೆ ವಿಳಾಸ ಅಷ್ಟೇ ಇರುತ್ತೆ, ಅಂಕಿಯೆಲ್ಲ ಒಳಗಡೆ ಹೋಗುತ್ತೆ.”

ಅವರು ಕೈಯಲ್ಲಿದ್ದ ಕವರನ್ನು ತಿರುಗಿಸಿ ನೋಡಿದರು. “ಅಂದ್ರೆ ಇಷ್ಟು ದಿನ ನಾವು ಕವರಿನ ಮೇಲೇ ಕಾಗದ ಬರೀತಿದ್ವಿ. ಜಾಗ ಮುಗಿದ್ಮೇಲೆ ಬರ್ದಿದ್ದೆಲ್ಲ ಗಾಳಿಗೆ. ಈಗ ಒಳಗಿಟ್ಟು ಕಳಿಸ್ಬೇಕು. ಅಷ್ಟೇ ತಾನೆ?”

“ಅಷ್ಟೇ ಅಂಕಲ್. ನಮ್ಮ ಮೇಷ್ಟ್ರಿಗಿಂತ ಚೆನ್ನಾಗಿ ಹೇಳಿದ್ರಿ.”

ಅವಳು ನಾಲ್ಕು ಸಾಲಿನ ಒಂದು ಪುಟ ಬರೆದಳು. ಅದರಲ್ಲಿ ಒಂದು ಖಾಲಿ ಚೌಕ, ಒಂದು ಗುಂಡಿ. ಚೌಕದೊಳಗೆ ನನ್ನ ಫ್ಲಾಪಿಯ ಅಂಕಿಗಳನ್ನೆಲ್ಲ ಸುರಿದು ಗುಂಡಿ ಒತ್ತಿದಳು. ಬಹಳ ಹೊತ್ತು ಮರಳುಗಡಿಯಾರ ತಿರುಗಿತು. ತಲುಪಿದ ಅಂಕಿ ಐದು ಸಾವಿರದ ನೂರಾ ಹದಿನಾಲ್ಕು ಎಂದು ಬಂತು. ಅವರು ಚೀಟಿಯಲ್ಲಿ ಸರಿ ಗುರುತು ಹಾಕಿ, ಆಮೇಲಷ್ಟೇ ಕೆಳಗಿನ ಉತ್ತರ ಓದಿದರು.

ಓದಿ ಚೀಟಿಯನ್ನು ಮಡಿಸಿ ಜೇಬಿಗಿಟ್ಟರು. ನಾಟಿಯ ತಿಂಗಳುಗಳಿಗೆ ಅದು ಹೇಳಿದ ಸಂಖ್ಯೆಗೆ, ಉಗ್ರಾಣದವರು ಕಳಿಸುತ್ತಿದ್ದ ವಯಲ್ಲೇ ಸಾಕಾಗಿ ಮಿಗುವಂತಿತ್ತು. ಇದನ್ನು ಇಂಡೆಂಟಿನ ಜೊತೆ ಇಟ್ಟರೆ ಇರುವುದನ್ನೂ ಕಡಿಮೆ ಮಾಡುವರು.

ಮನೆಗೆ ನಡೆಯುತ್ತ, “ಹಂಗಾದ್ರೆ ನಾನೇ ತಪ್ಪು ತಿಳ್ಕೊಂಡಿದ್ನೇನೋ” ಎಂದರು. “ಒಂದು ಸಲ ಫ್ರಿಜ್ಜು ಖಾಲಿ ಇದ್ದಿದ್ದು ಕಣ್ಣಲ್ಲಿ ಕೂತ್ಬುಟ್ಟು, ಯಾವಾಗ್ಲೂ ಖಾಲಿ ಅನ್ನಿಸ್ತಿತ್ತೋ ಏನೋ.” ಹದಿನಾಲ್ಕು ವರ್ಷ ಕಣ್ಣಾರೆ ಕಂಡ ಮನುಷ್ಯ, ಯಾರೋ ಕಾಣದವರು ಹಾಕಿದ ಲೆಕ್ಕಕ್ಕೆ ಇಷ್ಟು ಬೇಗ ತಲೆಬಾಗಿದ್ದು ಹೇಗೆ ಎಂದು ಈಗಲೂ ಯೋಚಿಸುತ್ತೇನೆ. ಲೆಕ್ಕ ತಾಳೆಯಾಗಿತ್ತಲ್ಲ, ಅದೇ ಇರಬೇಕು. ಕೊಟ್ಟದ್ದೆಲ್ಲ ತಲುಪಿತ್ತು.

ಆ ವರ್ಷದ ನೋಟ್‌ಬುಕ್ಕು ಇನ್ನೂ ಆಸ್ಪತ್ರೆಯಲ್ಲೇ ಇತ್ತು. ಅದನ್ನೂ ಸೇರಿಸಿ ಕೊನೆಯದಾಗಿ ಒಂದು ಸಲ ಕಳಿಸೋಣ, ಆಮೇಲೆ ಈ ಮಾತು ಬಿಟ್ಟುಬಿಡೋಣ ಎಂದರು. ಜೂನ್ ತಿಂಗಳಲ್ಲಿ ಸೋಸಲೆಯಲ್ಲಿ ನಮ್ಮ ನೆಂಟರ ಮನೆಯ ನಾಮಕರಣವಿತ್ತು. ಊಟ ಮುಗಿಸಿ, ನಕಲು ಮಾಡಿಕೊಳ್ಳಲೆಂದು ಬಸ್ಸಿನಲ್ಲಿ ಅವರ ಆಸ್ಪತ್ರೆಗೆ ಹೋದೆ. ಔಷಧಿ ಕೋಣೆಯ ಒಳಗೆ ನನಗೊಂದು ಸ್ಟೂಲು ಹಾಕಿಕೊಟ್ಟರು. ಓಮದ ನೀರು, ಡೆಟ್ಟಾಲು, ಹಳೇ ರಟ್ಟಿನ ವಾಸನೆ. ಕಿಂಡಿಯನ್ನು ಒಳಗಿನಿಂದ ನೋಡಿದ್ದು ಅದೇ ಮೊದಲು. ಜನರ ಮುಖ ಕಾಣುವುದಿಲ್ಲ, ಕೈಗಳು ಮಾತ್ರ ಕಾಣುತ್ತವೆ.

ನಾನು ಅರ್ಧ ಪುಟ ನಕಲು ಮಾಡಿರಬಹುದು. ಒಂದು ಕೈ ಕಿಂಡಿಯ ಅಂಚು ಹಿಡಿಯಿತು. ಉಗುರಿನ ತುಂಬ ಹಸಿರು ಹುಲ್ಲಿನ ಬಣ್ಣ.

“ಸಾ, ಬಿರ್ರನೆ ಬನ್ನಿ ಸಾ. ನಮ್ಮಕ್ಕಂಗೆ ಉಳ ಮುಟ್ಬುಡ್ತು. ಉಲ್ಲು ಕುಯ್ತಿದ್ಳು.”

“ಎಷ್ಟೊತ್ತಾಯ್ತು ತಾಯಿ? ಎಲ್ಲಿ ಮುಟ್ತು?” ಎಂದು ಕೇಳುವಷ್ಟರಲ್ಲೇ ಅವರು ಎದ್ದಿದ್ದರು. ಮುಲಾಮಿನ ಕಪಾಟಿನ ಕಡೆ ಹೋಗಲಿಲ್ಲ, ನೆಟ್ಟಗೆ ಫ್ರಿಜ್ಜಿನ ಕಡೆ ಹೋದರು. ಐದು ವಯಲ್ ತೆಗೆದು ತಟ್ಟೆಗಿಟ್ಟರು, ಮತ್ತೆ ಐದು. ಡಾಕ್ಟರನ್ನು ಕೂಗಿ ಹೊರಗೆ ಓಡಿದರು.

ನಾನು ಹೊರಗೆ ಬಂದು ಆ ತಂಗಿಯನ್ನು ಕೇಳಿದೆ. “ಯಾವ ಹುಳ ಕಚ್ಚಿದ್ದಮ್ಮ?”

ಅವಳು ನನ್ನ ಜರಿ ಸೀರೆಯನ್ನೂ ಮುಖವನ್ನೂ ನೋಡಿದಳು. “ಎಸ್ರೇಳ್ಬಾರ್ದು ಕಣವ್ವ, ಯೇಳುದ್ರೆ ಇಸ ತಲೆಗೇರ್ತದೆ. ಕಚ್ತು ಅಂತ್ಲೂ ಅನ್ಬಾರ್ದು. ಮುಟ್ತು ಅನ್ನಿ” ಎಂದಳು.

ಸ್ಟೂಲಿನ ಮೇಲೆ ಕೂತು ನೋಟ್‌ಬುಕ್ಕು ನೋಡಿದೆ. ಹುಳ ಎಂದಿದ್ದ ಸಾಲುಗಳ ಕೊನೆಯಲ್ಲೂ ಗೀಟುಗಳಿದ್ದವು, ಐದರಂತೆ ಕಟ್ಟು ಕಟ್ಟಿದ ಗೀಟುಗಳು. ಅವನ್ನು ನಾನು ಎಂಥದೋ ಗುರುತು ಎಂದುಕೊಂಡಿದ್ದೆ. ಒಂದು ಗೀಟು ಒಂದು ವಯಲ್. ಹೊಡೆದು ಚೀಲದಲ್ಲಿ ತಂದವರು, ಪೇಟೆಯವರು, ಪೊಲೀಸಿನವರು ಹಾವು ಎಂದಿದ್ದರು. ಗದ್ದೆಯಿಂದ ಬಂದವರು ಹುಳ ಎಂದಿದ್ದರು. ಗದ್ದೆಯಿಂದ ಬಂದವರನ್ನೆಲ್ಲ ನಾನು ಸೊನ್ನೆ ಮಾಡಿದ್ದೆ.

ಆ ಹೆಂಗಸಿಗೆ ಅಪಾಯವಿಲ್ಲ ಎಂದು ಡಾಕ್ಟರು ಹೇಳುವವರೆಗೆ ಕಾದು, ವಾಪಸ್ ಬರುವ ಬಸ್ಸಿನಲ್ಲಿ ಅವರಿಗೆ ಹೇಳಿದೆ.

“ನೀವು ಓದಿದ್ದು ಸರಿನೇ ತಾಯಿ. ಕಾನ್ವೆಂಟಲ್ಲಿ ಹುಳ ಅಂದ್ರೆ ಹುಳವೇ” ಎಂದರು. “ನಾನು ಅವ್ರಂದಿದ್ದನ್ನೇ ಬರ್ಕೊಂಡೆ. ಅವ್ರು ಏನು ಅಂದ್ಕೊಂಡು ಅಂದ್ರು ಅಂತ ನಿಮ್ಗೆ ಹೇಳ್ಳಿಲ್ಲ.” ಆಮೇಲೆ ಕಿಟಕಿಯಾಚೆ ನೋಡುತ್ತ, ಮುಖ ತಿಳಿಯಾಗಿ, “ಹಂಗಾದ್ರೆ ನಾನು ಕಂಡಿದ್ದು ಸುಳ್ಳಲ್ಲ” ಎಂದರು.

ಮೂರು ವಾರ ಸಂಜೆ ಹೊತ್ತು ನಮ್ಮ ಊಟದ ಮೇಜಿನ ಮುಂದೆ ಕೂತು ಅವರು ಓದಿದರು, ನಾನು ತಿದ್ದಿದೆ. ಹುಳಗಳಲ್ಲಿ ಚೇಳೂ ಇದ್ದವು, ಜೇನೂ ಇದ್ದವು. ಗೀಟು ನೋಡಿ ಬೇರೆ ಮಾಡಿದೆವು. ಅಕ್ಕ ಒಂದು ತಟ್ಟೆ ಚಕ್ಕುಲಿ ತಂದಿಟ್ಟು, “ಕಣಿ ಹೇಳೋಳು ಕೈ ನೋಡ್ತಾಳೆ. ನೀವಿಬ್ರೂ ಊರೋರ ಕಾಲೆಲ್ಲ ನೋಡ್ತಿದ್ದೀರಿ” ಎಂದರು. ಶೋಭಾಳ ಖಾಲಿ ಚೌಕಕ್ಕೆ ಮತ್ತೊಮ್ಮೆ ಎಲ್ಲವನ್ನೂ ಸುರಿದೆವು. ಈ ಸಲ ಬಂದ ಅಂಕಿಗಳು ಕಾಲುವೆಗೆ ನೀರು ಬಿಡುವ ಹೊತ್ತಿಗೆ ಏರಿದವು, ಇಳಿದು ಮತ್ತೆ ಕೊಯ್ಲಿನ ಹೊತ್ತಿಗೆ ಏರಿದವು. ಅವರು ಬೆರಳಿನಿಂದ ಆ ಏರಿಳಿತದ ಮೇಲೆ ನಡೆದು, “ಹ್ಞಾ, ಇದು ನಮ್ಮೂರು” ಎಂದರು.

ಉಗ್ರಾಣದ ಅಧಿಕಾರಿ ಆ ಹಾಳೆ ನೋಡಿ ಫೋನು ಮಾಡಿದರಂತೆ. “ಇದು ಯಾವ ಸಾಫ್ಟ್‌ವೇರ್ ರೀ?” “ಗೊತ್ತಿಲ್ಲ ಸಾ. ಕಿಂಡೀಲಿ ಕೊಟ್ವಿ, ಬಂತು.” ಅಧಿಕಾರಿ ನಕ್ಕರೋ, ನಂಬಿದರೋ, ಆ ವರ್ಷ ಮುಂದಿನ ಬೇಸಿಗೆಯ ಪಾಲನ್ನು ಕಡಿಮೆ ಮಾಡುವ ಮಾತಿನ ಮೇಲೆ ಜುಲೈನಿಂದ ಡಿಸೆಂಬರ್‌ವರೆಗೆ ಹೆಚ್ಚು ವಯಲ್ ಬಂದವು. ಯಂತ್ರ ಹೇಳಿದ್ದು ಪ್ರತಿ ವಾರವೂ ಸರಿಯಾಗಲಿಲ್ಲ. ಇಬ್ಬರು ಎಂದ ವಾರ ನಾಲ್ವರು ಬಂದರು, ಮೂವರು ಎಂದ ವಾರ ಯಾರೂ ಬರಲಿಲ್ಲ. ಒಬ್ಬಾತನ ಬೆರಳು ಹೋಯಿತು. ಆದರೆ ಯಾರನ್ನೂ ಮೈಸೂರಿಗೆ ಕಳಿಸುವ ಪ್ರಸಂಗ ಬರಲಿಲ್ಲ.

ಮಾರ್ಚ್ ತಿಂಗಳಲ್ಲಿ ದಾಸ್ತಾನು ತಪಾಸಣೆಯವರಿಂದ ಒಂದು ಮೆಮೊ ಬಂತು. ಅವಧಿ ಮುಗಿಯುತ್ತಿರುವ ವಯಲ್ ಎಷ್ಟು ಉಳಿದಿವೆ, ಏಕೆ ಉಳಿದಿವೆ, ವಿವರಣೆ ಕೊಡುವುದು. ಅವರು ಅದನ್ನು ನನ್ನ ಬಳಿ ತಂದರು. ದೊಡ್ಡವರಿಗೆ ಇಂಗ್ಲಿಷಿನಲ್ಲಿ ಬರೆದರೆ ಗೌರವ ಎಂದು ನಾನು ಒಂದು ಪುಟದ ಉತ್ತರ ಬರೆದು, ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿದೆ. ಅವರು ‘ರಿಮೇನಿಂಗ್’ ಎಂಬ ಮಾತಿನ ಮೇಲೆ ಬೆರಳಿಟ್ಟರು.

“ಇದು ಉಳಿದಿದೆ ಅನ್ನೋದಕ್ಕಾ?”

“ಹೌದಣ್ಣ.”

“ಜನ ಉಳ್ಕೊಂಡ್ರು ಅನ್ನೋದಕ್ಕೂ ಇದೇನಾ?”

“ಅಲ್ಲ. ಅದಕ್ಕೆ ಬೇರೆ ಮಾತಿದೆ.”

“ಹಂಗಾದ್ರೆ ಬೇಡ ತಾಯಿ” ಎಂದು ನನ್ನ ಹಾಳೆಯನ್ನು ನಾಜೂಕಾಗಿ ಮಡಿಸಿ ವಾಪಸ್ ಕೊಟ್ಟರು. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಮೆಮೊದ ಕೆಳಗಡೆ ಅವರೇ ಬರೆದರು:

‘ನಾಲ್ಕು ವಯಲ್ ಉಳಿದಿವೆ. ಬಂದ ಜನ ಎಲ್ಲರೂ ಉಳಿದಿದ್ದಾರೆ.’